ಕೊನೆಯ ಸಾಲಿಗೂ ಕಾಣಬೇಕು

ಮುಕ್ಕೋಟಿ ದೇವತೆಗಳ ಮೇಲೆ ನನ್ನ ಮೈದುನನಿಗೆ ಇದ್ದ ತಕರಾರು ಒಂದೇ: ಒಂದು ಚೌಕಟ್ಟಿನೊಳಗೆ ಇಷ್ಟು ಜನ ಯಾಕೆ?

"ವೈನಿ, ಈ ಪಟದಾಗ ರಾಮ, ಸೀತಾ, ಲಕ್ಷ್ಮಣ, ಹನುಮಪ್ಪ, ಮ್ಯಾಲೆ ಹೂ ಚೆಲ್ಲೋ ದೇವತೆಗಳು ಬ್ಯಾರೆ! ಹಿಂದ ಕೂತವ್ರಿಗೆ ಏನು ಕಾಣಬೇಕ್ರಿ?" ಎಂದು ನನ್ನ ದೇವರ ಗೂಡಿನ ಮುಂದೆ ನಿಂತು ಕೇಳಿದ ಮಹಾನುಭಾವ ಅವನು.

"ಹಿಂದ ಯಾಕ ಕೂಡಬೇಕು? ಮುಂದ ಬಂದು ಕೈ ಮುಗಿ. ಎಲ್ಲಾ ಕಾಣಸ್ತಾವ" ಎಂದೆ. ದೇವರು ದೊಡ್ಡವನು, ನನಗೆ ಸಮಯಕ್ಕೆ ಸರಿಯಾಗಿ ಮಾತು ಕೊಟ್ಟಿದ್ದಾನೆ.

ಅವನಿಗೆ ಈ ಹುಚ್ಚು ಹಿಡಿದದ್ದು ಸುಮ್ಮನೆ ಅಲ್ಲ. ನಮ್ಮವರ ತಮ್ಮ, ಧಾರವಾಡದಿಂದ ಮುಂಬಯಿಗೆ ಬಂದು ಒಂದು ಬಟ್ಟೆ ಗಿರಣಿಯಲ್ಲಿ ಇಂಜಿನಿಯರ್ ಆಗಿದ್ದ. ದಾದರಿನ ಚಾಳಿನಲ್ಲಿದ್ದ ನಮ್ಮ ಎರಡು ಖೋಲಿಗಳಲ್ಲಿ ಒಂದನ್ನು ಮಸಿ, ಕಾಗದ, ಗಾಜುಗಳಿಂದ ತುಂಬಿಸಿಟ್ಟಿದ್ದ. ಗಿರಣಿಯ ಬಾಯ್ಲರಿನ ಕೊಳವೆಗಳೊಳಗೆ ಸುಣ್ಣ ಕಟ್ಟಿದೆ, ನಿಲ್ಲಿಸಿ ಕೆರೆಸಿರಿ ಎಂದು ಅವನು ದೊಡ್ಡ ಸಾಹೇಬರಿಗೆ ಉದ್ದನೆಯ ವರದಿ ಬರೆದುಕೊಟ್ಟಿದ್ದ. ಅಷ್ಟು ಉದ್ದದ್ದನ್ನು ಯಾರು ಓದುತ್ತಾರೆ? ಒಂದು ದಿನ ಕೊಳವೆ ಒಡೆಯಿತು. ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದ ವಿಜಾಪುರದ ಕಡೆಯ ಮನುಷ್ಯನ ಒಂದು ಕಣ್ಣು ಹೋಯಿತು.

ಆಮೇಲೆ ಎಷ್ಟೋ ದಿನ ನನ್ನ ಮೈದುನ ಊಟಕ್ಕೆ ಕುಳಿತರೆ ತಾಟನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಮುಂಬಯಿಯ ಫೋರ್ಟ್ ಭಾಗದಲ್ಲಿ ಇಂಜಿನಿಯರುಗಳ ಸಮ್ಮೇಳನ ಬಂತು. ಎಲ್ಲ ಗಿರಣಿಗಳವರೂ ಬರುವವರು. ಇವನಿಗೂ ಮಾತಾಡಲು ಒಂದಿಷ್ಟು ಹೊತ್ತು ಸಿಕ್ಕಿತು.

"ಈ ಸಲ ಓದ್ಲಿಕ್ಕೆ ಕೊಡೂದಿಲ್ಲ ವೈನಿ, ತೋರಸ್ತೀನಿ. ಒಬ್ಬರರೆ ತಮ್ಮ ಬಾಯ್ಲರ್ ನಿಲ್ಲಿಸಿ ಒಳಗ ನೋಡಿದ್ರ ಸಾಕು" ಎಂದ.

ತೋರಿಸುವುದೆಂದರೆ ಸ್ಲೈಡು. ಅಂಗೈಯಗಲದ ಗಾಜಿನ ಮೇಲೆ ಚಿತ್ರ ಬರೆದು, ಮೇಲೆ ಇನ್ನೊಂದು ಗಾಜು ಮುಚ್ಚಿ, ಸುತ್ತ ಕರಿ ಕಾಗದದ ಪಟ್ಟಿ ಅಂಟಿಸುವುದು. ದೀಪದ ಯಂತ್ರದೊಳಗೆ ಇಟ್ಟರೆ ಪರದೆಯ ಮೇಲೆ ಆನೆಯಷ್ಟು ದೊಡ್ಡದಾಗಿ ಬೀಳುತ್ತದೆಯಂತೆ. ಆದರೆ ಗಾಜಿಗೆ ಏರುವ ಮೊದಲು ಪ್ರತಿ ಚಿತ್ರವೂ ನಮ್ಮ ಚಾಳಿನ ಪರೀಕ್ಷೆ ಪಾಸಾಗಬೇಕಿತ್ತು! ಖೋಲಿಗಳ ಮುಂದಿನ ಉದ್ದನೆಯ ಗ್ಯಾಲರಿಯ ಈ ತುದಿಯಲ್ಲಿ ಕಾಗದ ಅಂಟಿಸುವನು. ಆ ತುದಿಯೇ ಸಭೆಯ ಕೊನೆಯ ಸಾಲು ಎಂದು ಲೆಕ್ಕ; ಅಲ್ಲಿ ನಳದ ಮುಂದೆ ಕೊಡ ಹಿಡಿದು ನಿಂತ ಹೆಂಗಸರೇ ಪರೀಕ್ಷಕರು. ಅವರಲ್ಲಿ ಮುಖ್ಯರು ಪಕ್ಕದ ಖೋಲಿಯ ಮಂಗಳೂರಿನಾಕೆ, ಹೋಟೆಲಿನವರ ಹೆಂಡತಿ.

"ಎಂಥದು ಮಾರಾಯ್ರೆ ಇದು? ಇರುವೆ ಸಾಲಾ?" ಎಂದರು ಆಕೆ ಮೊದಲನೆಯದನ್ನು ನೋಡಿ. ಅದು ಅಂಕಿಗಳ ಕೋಷ್ಟಕ. ಇವನು ಅರ್ಧ ಅಳಿಸಿ ಮತ್ತೆ ಬರೆದ.

"ಈಗ ಏನ್ ಕಾಣಸ್ತದ್ರಿ?"

"ಈಗ ಇರುವೆ ಸ್ವಲ್ಪ ದಪ್ಪ ಆಗಿದೆ."

ಅಂಕಿಗಳನ್ನೆಲ್ಲ ಹರಿದೊಗೆದು ಬಾಯ್ಲರಿನದೊಂದು ದಪ್ಪ ಗೆರೆಯ ಚಿತ್ರ ಅಂಟಿಸಿದ. ಆಕೆ ಕೊಡ ಕೆಳಗಿಟ್ಟರು. "ಅಯ್ಯೋ, ಇದು ನಮ್ಮ ಹೋಟೆಲಿನ ಬಿಸಿನೀರಿನ ಹಂಡೆ ಅಲ್ವಾ? ಒಳಗೆ ಬೆಳ್ಳಗೆ ಸುಣ್ಣ ಕಟ್ಟಿದ್ದು ಸಮಾ ಕಾಣ್ತದೆ. ಉಜ್ಜದಿದ್ರೆ ತಳ ಒಡೆದು ಹೋಗ್ತದೆ, ಹೇಳಿ ಅವರಿಗೆ!"

"ತಿಳೀತು! ಅಕ್ಕಾರಿಗೆ ತಿಳೀತು!" ಎಂದು ಇವನು ಗ್ಯಾಲರಿಯ ಉದ್ದಕ್ಕೂ ಕುಣಿದ. ಎಲ್ಲರೂ ಅವನನ್ನೇ ನೋಡುತ್ತ ನಿಂತೆವು. ತಿರುಗಿ ನೋಡಿದರೆ ನಳದಲ್ಲಿ ನೀರು ನಿಂತುಹೋಗಿತ್ತು. ವಿಜ್ಞಾನದ ಸಲುವಾಗಿ ಆ ದಿನ ಅರ್ಧ ಚಾಳು ಸ್ನಾನ ಬಿಟ್ಟಿತು!

ಹಂಡೆ ಗೆದ್ದದ್ದೇ ತಡ, ಅವನದೊಂದು ಸೂತ್ರ ಹುಟ್ಟಿತು: ಒಂದು ಸ್ಲೈಡಿಗೆ ಒಂದೇ ವಿಷಯ. ಅದು ಗಾಜಿನ ಮೇಲಷ್ಟೇ ಇದ್ದಿದ್ದರೆ ನನ್ನದೇನು ಹೋಗುತ್ತಿತ್ತು? ನಾನು ಹಾಕುವ ರಂಗೋಲಿಗೆ ಎಳೆ ಹೆಚ್ಚು, ಅವನಣ್ಣ ಹೇಳುವ ಕಥೆಗೆ ಮಾತು ಹೆಚ್ಚು, ಎಲ್ಲಕ್ಕೂ ತಿದ್ದುಪಡಿ! ಒಂದು ಮಧ್ಯಾಹ್ನ ತಾಟಿನಲ್ಲಿ ಒಂದೇ ಒಂದು ಭಕ್ಕರಿ ಹಾಕಿ ಅವನ ಮುಂದಿಟ್ಟೆ.

"ವೈನಿ, ಪಲ್ಯ?"

"ಮುಂದಿನ ಸ್ಲೈಡಿನಾಗ ಅದ."

ನಮ್ಮವರಿಗೆ ನಗು ತಡೆಯಲಾಗದೆ ಮಜ್ಜಿಗೆ ನೆತ್ತಿಗೇರಿತು. ಮೈದುನ ತೆಪ್ಪಗೆ ಭಕ್ಕರಿ ಮುರಿದ. ಪಾಪ, ಎರಡನೆಯ ಸ್ಲೈಡನ್ನು ಬೇಗನೇ ಬಡಿಸಿದೆ ಅನ್ನಿ.

ಸಮ್ಮೇಳನದ ದಿನ ಬೆಳಿಗ್ಗೆ ಇನ್ನೊಂದು ಯುದ್ಧ. ಹೊಸ ವಸ್ತು ಮನೆಯಿಂದ ಹೊರಡುವಾಗ ಕುಂಕುಮ ಹಚ್ಚದೆ ಕಳಿಸುವುದುಂಟೇ? ನಾನು ಬಟ್ಟಲು ಹಿಡಿದು ಬಂದೆ. ಅವನು ಗಾಜುಗಳ ಮೇಲೆ ಕವುಚಿಬಿದ್ದ.

"ವೈನಿ, ಕೈ ಮುಗೀತೀನಿ! ಇಲ್ಲಿ ಒಂದು ಬೊಟ್ಟು ಇಟ್ರ ಅಲ್ಲಿ ಬಾಯ್ಲರ್ ಮ್ಯಾಲೆ ಸೂರ್ಯ ಹುಟ್ಟಿಧಂಗ ಕಾಣಸ್ತದ!"

"ಹುಟ್ಟಲಿ ಬಿಡು, ಶುಭನ ಆತಲ್ಲ!"

ಕೊನೆಗೆ ರಾಜಿಯಾಯಿತು. ಸ್ಲೈಡನ್ನು ಯಂತ್ರದಲ್ಲಿ ತಲೆಕೆಳಗು ಇಡಬೇಕಂತೆ, ಆಗಲೇ ಪರದೆಯ ಮೇಲೆ ನೆಟ್ಟಗೆ ಬೀಳುವುದು. ಇಡುವವನಿಗೆ ತಪ್ಪಬಾರದೆಂದು ಕರಿ ಪಟ್ಟಿಯ ಒಂದು ಮೂಲೆಗೆ ಗುರುತು ಹಾಕುತ್ತಾರೆ. ಹೆಬ್ಬೆರಳು ಆ ಗುರುತಿನ ಮೇಲೆ ಬರುವಂತೆ ಹಿಡಿದರೆ ಸರಿಯಾಯಿತು. ಆ ಗುರುತೇ ಕುಂಕುಮವಾಗಲಿ ಎಂದೆ. ಒಪ್ಪಿಕೊಂಡ. ಒಂದೇ ಬೊಟ್ಟಿನಲ್ಲಿ ದೇವರಿಗೂ ಆಯಿತು, ಇಂಜಿನಿಯರಿಗೂ ಆಯಿತು!

ಸಭಾಗೃಹದಲ್ಲಿ ನನ್ನನ್ನೂ ನಮ್ಮವರನ್ನೂ ಕೊನೆಯ ಸಾಲಿನಲ್ಲಿ ಕೂಡಿಸಿದ. ನಮ್ಮ ಬೆನ್ನ ಹಿಂದೆಯೇ ಯಂತ್ರ, ಅದರ ಪಕ್ಕ ಟೋಪಿ ಹಾಕಿದ ಒಬ್ಬ ಮರಾಠಿ ಮುದುಕ. ದೀಪ ಆರಿತು. ಮೊದಲ ಸ್ಲೈಡು ಬಿತ್ತು. ಬಾಯ್ಲರ್ ಕಾಲು ಮೇಲೆ ಮಾಡಿ ನಿಂತಿತ್ತು! ಚಿಮಣಿ ನೆಲಕ್ಕೆ. ಎರಡನೆಯದೂ ಹಾಗೆಯೇ. ಸಭೆಯಲ್ಲಿ ನಗು ಎದ್ದಿತು. ವೇದಿಕೆಯ ಮೇಲೆ ನನ್ನ ಮೈದುನ ಕೋಲು ಹಿಡಿದು ಕಂಬದ ಹಾಗೆ ನಿಂತುಬಿಟ್ಟ. ಈ ಸಲವೂ ಯಾರೂ ಕೇಳದೆ ಎದ್ದುಹೋದರೆ ಏನು ಗತಿ?

ನಾನು ಹಿಂದಕ್ಕೆ ತಿರುಗಿ ನೋಡಿದೆ. ಮುದುಕ ಒಂದೊಂದು ಸ್ಲೈಡನ್ನೂ ಕಣ್ಣಿಗೊತ್ತಿಕೊಂಡು, ಕುಂಕುಮಕ್ಕೆ ಬೆರಳು ತಾಗದಂತೆ ತಿರುಗಿಸಿ ಇಡುತ್ತಿದ್ದ! ಎದ್ದು ಹೋದೆ.

"ಬಾಬಾ, ಖೂಣೇವರ ಅಂಗಠಾ ಠೇವಾ ನಾ!" ಗುರುತಿನ ಮೇಲೆ ಹೆಬ್ಬೆರಳಿಡಿ ಎಂದೆ, ನನಗೆ ಬಂದ ಮರಾಠಿಯಲ್ಲಿ.

"ಕುಂಕೂ ಆಹೇ ಬಾಈ, ಅಂಗಠಾ ಕಸಾ ಠೇವೂ?" ಕುಂಕುಮದ ಮೇಲೆ ಹೇಗಮ್ಮಾ ಇಡಲಿ ಎಂದು ಅವನ ಸಂಕಟ.

"ಠೇವಾ ಬಾಬಾ. ದೇವ ರಾಗಾವತ ನಾಹೀ." ದೇವರು ಸಿಟ್ಟಾಗುವುದಿಲ್ಲ ಎಂದು ಆ ದೇವರ ಪರವಾಗಿ ನಾನೇ ಮಾತು ಕೊಟ್ಟೆ. ಅಷ್ಟು ವರ್ಷ ದೀಪ ಹಚ್ಚಿದ್ದಕ್ಕೆ ಅಷ್ಟಾದರೂ ಸಲಿಗೆ ಬೇಡವೇ?

ಮುದುಕ ಹೆಬ್ಬೆರಳು ಇಟ್ಟ. ಬಾಯ್ಲರ್ ನೆಟ್ಟಗೆ ನಿಂತಿತು. ಮೈದುನನ ಬಾಯಿಯೂ ತೆರೆಯಿತು. ಹೋಟೆಲಿನ ಹಂಡೆಯಿಂದ ಶುರು ಮಾಡಿದ. ಇಂಗ್ಲಿಷು ನನಗೆ ತಿಳಿಯದಿದ್ದರೂ ಸುಣ್ಣ ಕಟ್ಟುತ್ತ ಹೋದದ್ದು, ಕೊಳವೆ ಕೆಂಪಾದದ್ದು, ಉಬ್ಬಿದ್ದು, ಒಂದೊಂದು ಗಾಜಿನಲ್ಲಿ ಒಂದೊಂದಾಗಿ ಕಂಡಿತು. ಒಡೆದ ಕೊಳವೆಯ ಚಿತ್ರ ಬಂದಾಗ ಅವನು ಕೋಲು ಕೆಳಗಿಟ್ಟ. ಮೊದಲು ನಕ್ಕವರೂ ಮುಂದಕ್ಕೆ ಬಾಗಿ ನೋಡಿದರು. ಆಮೇಲೆ ಬಿಳಿ ಕೂದಲಿನ ಒಬ್ಬ ಸಾಹೇಬರು ಎದ್ದು ಏನೋ ಹೇಳಿದರು. ನಮ್ಮವರು ನನ್ನ ಕಿವಿಯಲ್ಲಿ, "ಮುಂದಿನ ರವಿವಾರ ತಮ್ಮ ಗಿರಣಿ ಬಾಯ್ಲರ್ ನಿಲ್ಲಸ್ತಾರಂತ. ಇವನ್ನ ನೋಡ್ಲಿಕ್ಕೆ ಕರದಾರ" ಎಂದರು.

ವಾಪಸು ಬರುವಾಗ ಲೋಕಲ್ ರೈಲು ನಮ್ಮ ದಾದರಿಗೆ ಬಂತು. ಮೈದುನ ಏಳಲಿಲ್ಲ. ನಾವೂ ಏಳಲಿಲ್ಲ. ಸಾಯನ್ನಿನಲ್ಲಿ ಇಳಿದು ಅವನ ಹಿಂದೆ ಧಾರಾವಿಯ ಗಲ್ಲಿಗಳಲ್ಲಿ ನಡೆದೆವು. ಒಂದು ಖೋಲಿಯ ಮುಂದೆ ಹಗ್ಗದ ಮಂಚದ ಮೇಲೆ ಆ ಕಣ್ಣು ಕಳೆದುಕೊಂಡ ಮನುಷ್ಯ ಕುಳಿತಿದ್ದ. ನಮ್ಮನ್ನು ನೋಡಿ ಗಡಬಡಿಸಿ ಎದ್ದ.

"ಬರ್ರಿ ಸಾಹೇಬ್ರ. ಇವತ್ತ ಸಭಾ ಇತ್ತಲ್ರಿ, ಏನಾತ್ರಿ?"

ಅಷ್ಟು ದೊಡ್ಡ ಸಭೆಯಲ್ಲಿ ಮಾತಾಡಿ ಬಂದವನು ಅಲ್ಲಿ ಬೂಟಿನ ಲಾಡಿ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದ.

"ಯಾಕ್ರೀ? ಯಾರೂ ಕೇಳಲಿಲ್ಲೇನು?"

"ಕೇಳಿದ್ರಪಾ" ಎಂದ ನನ್ನ ಮೈದುನ. "ಒಂದು ಗಿರಣಿಯವ್ರು ನಿಲ್ಲಸ್ತಾರಂತ."

ಆ ಮನುಷ್ಯ ಮತ್ತೆ ಮಂಚದ ಮೇಲೆ ಕುಳಿತ. "ಹಂಗಾದ್ರ ಅಲ್ಲಿ ಯಾವನೋ ಒಬ್ಬ ಎರಡೂ ಕಣ್ಣ ಇಟ್ಕೊಂಡು ಮನಿಗಿ ಹೊಕ್ಕಾನ ಬಿಡ್ರಿ" ಎಂದ.

ನನ್ನ ಮೈದುನ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಆ ಮನುಷ್ಯ ತನ್ನ ಹೆಗಲ ಮೇಲಿನ ವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳಲೆಂದು ಅವನ ಕೈಗೆ ಕೊಟ್ಟು, ಒಳಗೆ ತಿರುಗಿ, "ಚಾ ಇಡ" ಎಂದು ಹೆಂಡತಿಗೆ ಕೂಗಿದ.