ನಮ್ಮ ಮಾವನ ಪಾಪರ್ ಚೀಟಿ

ದಿವಾಳಿ ಎದ್ದವರನ್ನು ನೀವೂ ಬೇಕಾದಷ್ಟು ನೋಡಿರುತ್ತೀರಿ. ಪಾಪ, ತಲೆ ತಗ್ಗಿಸಿಕೊಂಡು ಹಿಂದಿನ ಬೀದಿಯಲ್ಲಿ ಓಡಾಡುತ್ತಾರೆ. ಆದರೆ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು, ಎದುರಿಗೆ ಸಿಕ್ಕವರನ್ನೆಲ್ಲ ನಿಲ್ಲಿಸಿ, "ನಾನು ಪಾಪರ್ ಆಗೋಕೆ ಹೊಂಟಿದೀನಿ ಕಣ್ರೀ" ಎಂದು ಮದುವೆಗೆ ಹೊರಟವನ ಠೀವಿಯಲ್ಲಿ ಹೇಳಿಕೊಂಡು ತಿರುಗಿದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನು ನನ್ನ ಸೋದರಮಾವ, ನಮ್ಮಮ್ಮನ ಒಡಹುಟ್ಟಿದ ಅಣ್ಣ!

ಎಪ್ಪತ್ತರ ದಶಕದ ಮಾತು. ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಮಾವನದೊಂದು ಅಚ್ಚುಕೂಟವಿತ್ತು. ಒಂದೇ ಕೋಣೆ, ಕಾಲಲ್ಲಿ ತುಳಿದು ನಡೆಸುವ ಒಂದೇ ಮಿಷನ್ನು. ಆ ಮಿಷನ್ನು ಕೊಳ್ಳಲು ಅಮ್ಮ ತನ್ನ ಹವಳದ ಸರ ಬಿಚ್ಚಿಕೊಟ್ಟಿದ್ದಳು. ಹವಳದ ನಡುನಡುವೆ ಹದಿನಾಲ್ಕು ಚಿನ್ನದ ಗುಂಡುಗಳಿದ್ದ ಸರ. ಗುಂಡುಗಳೆಲ್ಲ ಮಾರವಾಡಿಯ ಅಂಗಡಿ ಸೇರಿ, ಬರಿಯ ಹವಳ ಮಾತ್ರ ಅಮ್ಮನ ಪೆಟ್ಟಿಗೆಗೆ ವಾಪಸು ಬಂದಿತ್ತು.

ವ್ಯಾಪಾರ ಯಾಕೆ ಮುಳುಗಿತು ಎಂದು ಕೇಳುತ್ತೀರಾ? ಮುಳುಗದೆ ಏನು ಮಾಡೀತು! ಪಂಚನಹಳ್ಳಿ ಕಡೆಯ ಯಜಮಾನರೊಬ್ಬರು ಮಗನ ಲಗ್ನಪತ್ರಿಕೆ ಅಚ್ಚು ಹಾಕಿಸಲು ಬಂದರು. ವರನ ಹೆಸರಿನ ಮುಂದೆ ಬಿ.ಎ. ಎಂದಿತ್ತು. ಮಾವ ಕನ್ನಡಕ ಮೇಲೆತ್ತಿ ಕೇಳಿದ:

"ಪೇಪರಲ್ಲಿ ಹುಡುಗನ ನಂಬರೇ ಬರಲಿಲ್ಲವಲ್ಲ ಯಜಮಾನ್ರೇ?"

"ಮುಂದಿನ ಸಲ ಪಾಸಾಗ್ತಾನೆ, ಹಾಕ್ರೀ."

"ಹಂಗಾದ್ರೆ ಮದ್ವೇನೂ ಮುಂದಿನ ಸಲ ಮಾಡ್ರಿ. ಆಗ ಹಾಕ್ತೀನಿ."

ಗಿರಾಕಿ ಎದ್ದು ಹೋದ. ಅವನ ಹಿಂದೆ ಅವನ ಊರಿಗೆ ಊರೇ ಹೋಯಿತು. ಆಮೇಲೆ ತಾಲ್ಲೂಕು ಬೋರ್ಡಿನ ಚುನಾವಣೆ ಬಂತು. ಇಬ್ಬರು ಅಭ್ಯರ್ಥಿಗಳು ಉದ್ದರಿಯಲ್ಲಿ ಕರಪತ್ರ ಹಾಕಿಸಿಕೊಂಡರು, ಇಬ್ಬರೂ ಸೋತು ಊರು ಬಿಟ್ಟರು. ಗೆದ್ದವನ ಕರಪತ್ರ ಅಚ್ಚಾದದ್ದು ತರೀಕೆರೆಯಲ್ಲಿ!

ಕಾಗದ ಒದಗಿಸುತ್ತಿದ್ದ ಕಡೂರಿನ ವ್ಯಾಪಾರಿ ಎಷ್ಟು ದಿನ ಕಾದಾನು? ಕೋರ್ಟಿಗೆ ಹೋಗಿ ಡಿಕ್ರಿ ಮಾಡಿಸಿಯೇಬಿಟ್ಟ. ಬಾಕಿ ಕಟ್ಟದಿದ್ದರೆ ಮಿಷನ್ನು ಜಪ್ತಿ, ಅದೂ ಸಾಲದಿದ್ದರೆ ಮಾವನಿಗೆ ಸಿವಿಲ್ ಜೈಲು. ಕೋರ್ಟಿನ ಅಮೀನ ಬಂದು ಬಾಗಿಲಿಗೆ ನೋಟೀಸು ಅಂಟಿಸಿ, ತಮಟೆ ಹೊಡೆಸಿ ಬೀದಿಗೆಲ್ಲ ಸಾರಿ ಹೋದ. ಅಮ್ಮ ಆವತ್ತು ಊಟ ಬಿಟ್ಟಳು. ಮಾವನೋ, ಬಾಗಿಲಿಗೆ ಹೋಗಿ ನೋಟೀಸನ್ನು ಎರಡು ಸಲ ಓದಿ, "ಮೂರು ಕಡೆ ಅಕ್ಷರ ತಪ್ಪೈತೆ" ಎಂದ.

ನೆರೆಯವರು ಬುದ್ಧಿ ಹೇಳಿದರು. ಮಿಷನ್ನು ಬಿಚ್ಚಿಕೊಂಡು ದಾವಣಗೆರೆ ಕಡೆ ಹೋಗಿಬಿಡಪ್ಪಾ, ಯಾರು ಕೇಳ್ತಾರೆ ಎಂದರು. ಮಾವನಿಗೆ ಸಿಟ್ಟು ನೆತ್ತಿಗೇರಿತು.

"ಓಡಿಹೋಗೋಕೆ ನಾನೇನು ಕದ್ದಿದೀನಾ? ಸೋತಿದೀನಿ, ಅಷ್ಟೇ ತಾನೆ? ಸೋತಿದೀನಿ ಅಂತ ಸರ್ಕಾರದ ಮೊಹರು ಹಾಕಿಸ್ಕೊಂಡೇ ಬತ್ತೀನಿ!"

ವಕೀಲರನ್ನಾದರೂ ಹಿಡಿ ಎಂದರೆ ಅದಕ್ಕೂ ಜಗಳ. "ಪಾಪರ್ ಆಗೋಕೂ ಫೀಸು ಕೊಡಬೇಕಾ? ಕೊಡೋಕಿದ್ದಿದ್ರೆ ನಾನ್ಯಾಕೆ ಪಾಪರ್ ಆಗ್ತಿದ್ದೆ?" ಹಿಂದೆ ಪಾಪರ್ ಆದವರು ಹೇಗೆ ಅರ್ಜಿ ಬರೆದಿದ್ದರೋ ನೋಡಿಕೊಂಡು, ಹಾಗೆಯೇ ತಾನೂ ಬರೆಯುವುದೆಂದು ತೀರ್ಮಾನಿಸಿ ಮಾವ ಮೊದಲು ಕಡೂರಿನ ಕೋರ್ಟಿಗೆ ಹೋದ. ಅಲ್ಲಿಯ ಗುಮಾಸ್ತ ತಲೆಯೆತ್ತದೆ ಕೇಳಿದ:

"ಯಾರ ಫೈಲು? ನಂಬರೇನು?"

"ಯಾರದಾದ್ರೂ ಆಗ್ಲಿ ಸ್ವಾಮಿ. ಚೆನ್ನಾಗಿ ಪಾಪರ್ ಆದೋರದು ಒಂದು ಕೊಡಿ."

ಗುಮಾಸ್ತ ಈಗ ತಲೆಯೆತ್ತಿದ. ನಿಮ್ಮ ಅಜ್ಜಂಪುರ ತರೀಕೆರೆಗೆ ಸೇರಿದ್ದು, ಅಲ್ಲಿಗೆ ಹೋಗಿ ಎಂದ. ತರೀಕೆರೆಯವರು, ಇಂಥ ಅರ್ಜಿಯೆಲ್ಲ ಚಿಕ್ಕಮಗಳೂರಿನ ದೊಡ್ಡ ಕೋರ್ಟಿಗೆ, ಹಳೆಯ ಫೈಲುಗಳೂ ಅಲ್ಲೇ ಎಂದರು. ನಾನಾಗ ತರೀಕೆರೆಯ ಶಾಲೆಯಲ್ಲಿ ಮೇಡಂ ಆಗಿ ಹೊಸದಾಗಿ ಕೆಲಸಕ್ಕೆ ಸೇರಿ, ಬಸ್ ಸ್ಟ್ಯಾಂಡಿನ ಹಿಂದೆ ಕೋಣೆ ಮಾಡಿಕೊಂಡಿದ್ದೆ. ಮಾವ ನನ್ನ ಕೋಣೆಗೇ ಠಿಕಾಣಿ ಹಾಕಿದ. ಬೆಳಿಗ್ಗೆ ಚಿಕ್ಕಮಗಳೂರಿನ ಬಸ್ಸು, ಸಂಜೆ ವಾಪಸು ಬಂದು ನನಗೆ ಪಾಠ. ಶಾಲೆಯಲ್ಲಿ ನಾನು ಮಕ್ಕಳಿಗೆ ಹೇಳಿಕೊಟ್ಟದ್ದಕ್ಕಿಂತ ಹೆಚ್ಚು ಕಾನೂನನ್ನು ಮಾವ ನನಗೆ ಹೇಳಿಕೊಟ್ಟ!

ರೆಕಾರ್ಡು ರೂಮಿನ ಮುದುಕಪ್ಪನೊಬ್ಬ ಇವನ ಕಾಟ ತಡೆಯಲಾರದೆ ನಕಲಿನ ಅರ್ಜಿ ಬರೆಸಿಕೊಂಡು, ಧೂಳು ಹಿಡಿದ ನಾಲ್ಕಾರು ಫೈಲು ಮುಂದಿಟ್ಟಿದ್ದನಂತೆ. ಮಾವ ಕೂತು ಓದಿದ. ಓದುತ್ತ ಓದುತ್ತ ಕೈ ಸುಮ್ಮನಿರಬೇಕಲ್ಲ! ಇಪ್ಪತ್ತು ವರ್ಷ ಕರಡು ತಿದ್ದಿದ ಕೈ. ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು ಕೋರ್ಟಿನ ದಾಖಲೆಯ ಕಾಗುಣಿತ ತಿದ್ದಲು ಶುರು ಮಾಡಿದ. ಮುದುಕಪ್ಪ ಹೌಹಾರಿ ಓಡಿಬಂದು ಫೈಲು ಕಿತ್ತುಕೊಂಡನಂತೆ.

"ಏನ್ರೀ, ನನ್ನ ಪೆನ್ಷನ್ನಿಗೆ ಕಲ್ಲು ಹಾಕ್ತೀರಾ?"

"ಪಾಪರ್ ಆದ ಮಾತ್ರಕ್ಕೆ ಅವನ ಹೆಸರು ತಪ್ಪಾಗಿ ಬರೀಬಹುದಾ?" ಎಂದು ಮಾವ ತಿರುಗಿ ಕೇಳಿದ.

ಅಂತೂ ವಿದ್ಯೆ ಕೈಗೆ ಹತ್ತಿತು. ಆಸ್ತಿಯನ್ನೆಲ್ಲ ಬರೆಯಬೇಕು, ಆದರೆ ಕಸುಬಿನ ಹತ್ಯಾರವನ್ನು ಕೋರ್ಟು ಮುಟ್ಟುವುದಿಲ್ಲ. ಸಾಲವನ್ನೆಲ್ಲ ಬರೆಯಬೇಕು, ಒಂದನ್ನು ಮುಚ್ಚಿಟ್ಟರೂ ಅರ್ಜಿ ವಜಾ ಆಗಬಹುದು. ಕೋರ್ಟು ಒಪ್ಪಿದರೆ ಪಟ್ಟಿಯಲ್ಲಿರುವ ಸಾಲವೆಲ್ಲ ಅಳಿಸಿಹೋಗುತ್ತದೆ.

ಮುಚ್ಚಿಡುವ ಮಾತೇ ಇಲ್ಲ ಎಂದು ಮಾವ ನೆನಪಾದದ್ದನ್ನೆಲ್ಲ ಬರೆದ. ಕಾಗದದ ವ್ಯಾಪಾರಿಯ ಕೆಳಗೆ ಹೋಟೆಲಿನವನ ಕಾಫಿ, ಹೂವಿನವಳ ಎರಡು ಮೊಳ ಮಲ್ಲಿಗೆ, ಮೇಷ್ಟರೊಬ್ಬರಿಂದ ತಂದು ಹಿಂದಿರುಗಿಸದ ನಿಘಂಟು, ಯಾವುದೋ ಮದುವೆಮನೆಯಲ್ಲಿ ಅದಲುಬದಲಾದ ಚೌಳಹಿರಿಯೂರಿನ ಗೌಡರ ಛತ್ರಿ! ಒಟ್ಟು ನಲವತ್ತಮೂರು ಜನ. ಅದನ್ನು ಕೈಯಲ್ಲಿ ಬರೆದು ಕೊಟ್ಟರೆ ಅಚ್ಚುಕೂಟದವನ ಮರ್ಯಾದೆಯೇನಾಯಿತು? ತನ್ನ ಮಿಷನ್ನಿನಲ್ಲೇ ಅಚ್ಚು ಹಾಕಿದ.

ಕೋರ್ಟಿನಲ್ಲಿ ಅರ್ಜಿ ತೆಗೆದುಕೊಳ್ಳುವವರು ಕಣ್ಣುಜ್ಜಿಕೊಂಡರು.

"ಇದೇನ್ರೀ? ಮೇಲೆ ಗಣಪತಿ, ಸುತ್ತ ಮಾವಿನ ತೋರಣ?"

"ನನ್ನ ಹತ್ರ ಇರೋದು ಲಗ್ನಪತ್ರಿಕೆ ಬಾರ್ಡರು ಒಂದೇ ಸ್ವಾಮಿ. ಗಣಪತಿ ಇರಕೂಡದು ಅಂತ ಕಾನೂನಲ್ಲಿ ಎಲ್ಲೈತೆ, ತೋರಿಸಿ."

ಅವರು ಹುಡುಕಿದರು, ಸಿಗಲಿಲ್ಲ. ಗಣಪತಿಯ ಪಕ್ಕದಲ್ಲೇ ಮೊಹರು ಬಿತ್ತು.

ಪಟ್ಟಿಯ ಒಂದು ಪ್ರತಿ ನನ್ನ ಕೋಣೆಯಲ್ಲಿ ಉಳಿದಿತ್ತು. ನನ್ನನ್ನು ನೋಡಲು ಬಂದ ಅಮ್ಮ ಅದನ್ನು ಮೇಲಿನಿಂದ ಕೆಳಗೆ ಓದಿದಳು, ಮತ್ತೆ ಕೆಳಗಿನಿಂದ ಮೇಲೆ ಓದಿದಳು. ಹೂವಿನವಳ ಹೆಸರಿತ್ತು, ಅಮ್ಮನ ಹೆಸರಿರಲಿಲ್ಲ. "ಎರಡು ಮೊಳ ಮಲ್ಲಿಗೆ ನೆನಪೈತೆ, ನನ್ನ ಸರ ಮರ್ತುಹೋಯ್ತಾ?" ಎಂದು ಮುಖ ತಿರುಗಿಸಿದಳು. ಮರುಗಳಿಗೆಗೆ ಹೆದರಿಕೆ. "ಅಯ್ಯೋ, ಮುಚ್ಚಿಟ್ಟ ಅಂತ ಕೋರ್ಟಿಗೆ ಗೊತ್ತಾದ್ರೆ ಅಣ್ಣನ್ನ ಜೈಲಿಗೆ ಹಾಕ್ತಾರೇನೇ?"

ವಿಚಾರಣೆಯ ದಿನ ಅಜ್ಜಂಪುರಕ್ಕೆ ಅಜ್ಜಂಪುರವೇ ಚಿಕ್ಕಮಗಳೂರಿನಲ್ಲಿತ್ತು. ಎಲ್ಲರ ಕೈಯಲ್ಲೂ ಕೋರ್ಟಿನ ನೋಟೀಸು, ಎಲ್ಲರ ಮುಖದಲ್ಲೂ ಗಾಬರಿ. ಚೌಳಹಿರಿಯೂರಿನ ಗೌಡರಂತೂ ಕೈಮುಗಿದುಕೊಂಡೇ ಒಳಗೆ ಬಂದರು.

"ಇವರಿಗೆ ನೀವು ಕೊಡಬೇಕಾದ್ದು ಏನು?" ಜಡ್ಜಿ ಮಾವನನ್ನು ಕೇಳಿದರು.

"ಒಂದು ಛತ್ರಿ ಸ್ವಾಮಿ. ಮರದ ಹಿಡಿ ಇರೋದು."

"ನಂಗೆ ಛತ್ರಿನೂ ಬ್ಯಾಡ, ಕೋರ್ಟೂ ಬ್ಯಾಡ, ಊರಿಗೆ ಕಳಿಸ್ರಪ್ಪಾ!" ಎಂದರು ಗೌಡರು.

ಕಡೂರಿನ ವ್ಯಾಪಾರಿಯ ವಕೀಲರು ಎದ್ದರು. ಹತ್ಯಾರ ಎಂದರೆ ಉಳಿ, ಸುತ್ತಿಗೆ. ನಾಲ್ಕು ಜನ ಸೇರಿದರೂ ಅಲುಗಾಡದ ಮಿಷನ್ನು ಹತ್ಯಾರ ಹೇಗಾದೀತು ಎಂದು ಗುಡುಗಿದರು.

"ಬಡಗಿಗೆ ಉಳಿ ಹೆಂಗೋ ನನಗೆ ಇದು ಹಂಗೆ ಸ್ವಾಮಿ," ಎಂದ ಮಾವ. "ತೂಕ ಒಂಚೂರು ಜಾಸ್ತಿ."

ಜಡ್ಜಿ ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ನಗು ಇಳಿಯುವ ಮೊದಲೇ ವಕೀಲರು ಮತ್ತೊಂದು ಪ್ರಶ್ನೆ ಎಸೆದರು. "ಈ ಪಟ್ಟಿ ಬಿಟ್ಟು ಬೇರೆ ಯಾರಿಗೂ ಕೊಡೋದಿಲ್ಲವೋ?"

ಹಿಂದಿನ ಬೆಂಚಿನಲ್ಲಿ ಅಮ್ಮ ನನ್ನ ಕೈಯನ್ನು ಉಗುರು ಊರುವ ಹಾಗೆ ಹಿಡಿದಳು. ಒಂದು ಬಿ.ಎ.ಗೋಸ್ಕರ ಸುಳ್ಳು ಅಚ್ಚು ಹಾಕದ ಮನುಷ್ಯ ಈಗೇನು ಹೇಳುತ್ತಾನೆ? ಮಾವ ಒಂದು ಗಳಿಗೆ ನಮ್ಮ ಕಡೆ ನೋಡಿದ. ಆಮೇಲೆ ಎದೆ ಸೆಟೆಸಿ ಹೇಳಿದ: "ಕೋರ್ಟು ಅಳಿಸಬಹುದಾದ ಸಾಲ ಬೇರೆ ಯಾವುದೂ ಇಲ್ಲ ಸ್ವಾಮಿ."

ವಕೀಲರು ಕೂತರು. ಮಿಷನ್ನು ಉಳಿಯಿತು, ಜೈಲು ತಪ್ಪಿತು, ಪಾಪರ್ ಚೀಟಿ ಕೈಗೆ ಬಂತು. ಮಾವ ಅದಕ್ಕೆ ಕಟ್ಟು ಹಾಕಿಸಿ ಅಚ್ಚುಕೂಟದ ಗೋಡೆಗೆ ತೂಗುಹಾಕಿದ. ತೂಗುಹಾಕುವ ಮೊದಲು ಅದರಲ್ಲಿದ್ದ ಒಂದು ಒತ್ತಕ್ಷರವನ್ನು ಕೆಂಪು ಪೆನ್ಸಿಲಿನಲ್ಲಿ ತಿದ್ದಿದ್ದ.

ಆದರೆ ನಾನು ಹೇಳಬೇಕೆಂದಿದ್ದು ಆವತ್ತು ಕೋರ್ಟಿನ ಮೆಟ್ಟಿಲ ಮೇಲೆ ನಡೆದದ್ದು. ಅಮ್ಮ ಕೇಳಿಯೇಬಿಟ್ಟಳು. "ನನ್ನ ಹೆಸರ್ಯಾಕೆ ಬರೀಲಿಲ್ಲ ಅಣ್ಣ? ನಾನು ಅಷ್ಟೂ ಬೇಡವಾದ್ನಾ?"

ಮಾವ ಮೆಟ್ಟಿಲು ನೋಡುತ್ತ ಹೇಳಿದ. "ಬರೆದಿದ್ರೆ ಅದನ್ನೂ ಹೊಡೆದುಹಾಕ್ಬಿಡೋರು ಕಣೇ. ಉಳಿದೋರದು ಅಳಿಸಿದ್ರೆ ಅಳಿಸ್ಲಿ. ನಿಂದು ಅಳಿಸೋಕೆ ನಾನು ಬಿಡಲ್ಲ."

ಅಮ್ಮ ಸೆರಗು ಬಾಯಿಗೆ ಹಿಡಿದಳು.

ಆ ವರ್ಷದ ಗೌರಿ ಹಬ್ಬಕ್ಕೆ ಮಾವ ಎಂದಿನಂತೆ ತಂಗಿಗೆ ಮೊರದ ಬಾಗಿನ ತಂದ. ಸಂಜೆ ಅಮ್ಮ ಬಾಗಿನದ ಅಕ್ಕಿ ಕೇರುವಾಗ ಒಂದು ಚಿನ್ನದ ಗುಂಡು ಸಿಕ್ಕಿತು. ಮರುವರ್ಷ ಇನ್ನೊಂದು. ವರ್ಷಕ್ಕೊಂದರಂತೆ ಹನ್ನೊಂದು ಗುಂಡು ಬಂದವು. ಹನ್ನೆರಡನೆಯ ವರ್ಷದ ಗೌರಿಗೆ ಮಾವನೇ ಇರಲಿಲ್ಲ.

ಅಮ್ಮ ಹಳೆಯ ಹವಳಗಳನ್ನು ತೆಗೆದು ಸರ ಪೋಣಿಸಿಕೊಂಡಳು. ಅದರಲ್ಲಿ ಮೂರು ಕಡೆ ಬರೀ ದಾರದ ಗಂಟು. ನನ್ನ ಸಂಬಳದಲ್ಲಿ ಆ ಮೂರು ಗುಂಡು ಮಾಡಿಸಿ ಹಾಕುತ್ತೇನೆ ಎಂದರೆ ಅಮ್ಮ ಸರವನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ಬೇಡ ಕಣೇ. ಅಣ್ಣ ಇನ್ನೂ ಕೊಡೋದೈತೆ."