ಕುಸುಬಿ ಎಣ್ಣೆ ಕುಡಿದ ಸ್ನೂಕರ್ ಕೋಲು

ಚರ್ಮದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಹೊಸ ಚಪ್ಪಲಿ ತಂದರೆ ಮೂರು ದಿನ ಕುಸುಬಿ ಎಣ್ಣೆ ಕುಡಿಸಿ, ಮೆತ್ತಗೆ ಮಾಡಿ, ಆಮೇಲೆ ಕಾಲಿಗೆ ಹಾಕುವವನು ನಾನು. ಇಂಡಿ ತಾಲೂಕು ಕಚೇರಿಯಲ್ಲಿ ಕಾರಕೂನರು ಅನೇಕರಿದ್ದರು. ಚಪ್ಪಲಿ ಕಚ್ಚದ ಕಾರಕೂನ ನಾನೊಬ್ಬನೇ!

ನಮ್ಮ ತಾಲೂಕು ಮುಂಬಯಿ ಸರಕಾರ ಬಿಟ್ಟು ಮೈಸೂರಿಗೆ ಸೇರಿದ ಹೊಸತರ ಮಾತು. ಊರಿನ ಕ್ಲಬ್ಬಿನಲ್ಲಿ ಬ್ರಿಟಿಷರ ಕಾಲದ ಒಂದು ಸ್ನೂಕರ್ ಮೇಜು ಇತ್ತು. ಅದನ್ನು ನೋಡಿಕೊಳ್ಳುವವರು ಹಸನಸಾಬ್ ಚಾಚಾ. ಮೇಜು ಒರೆಸುವುದು, ಚೆಂಡು ಜೋಡಿಸುವುದು, ಕಚೇರಿಯ ಸಾಹೇಬರು ಆಡುವಾಗ ಗೋಡೆಯ ಹಲಗೆಯ ಮೇಲೆ ಅಂಕ ತೋರಿಸುವುದು, ಇಷ್ಟೇ ಅವರ ಕೆಲಸ. ಯಾರೂ ಇಲ್ಲದಾಗ ಒಬ್ಬರೇ ಆಡುತ್ತಿದ್ದರು. ನಾನು ಕದ್ದು ನೋಡಿದ್ದೇನೆ, ಚೆಂಡು ಅವರು ಹೇಳಿದ ಮಾತು ಕೇಳುತ್ತಿತ್ತು. ನನಗೆ ಕೋಲು ಹಿಡಿಯಲು ಕಲಿಸಿದವರೂ ಅವರೇ.

ಒಮ್ಮೆ ಸಿಂದಗಿಯ ಡಾಕ್ಟರೊಬ್ಬರು ಬಂದು ನಮ್ಮ ಸಾಹೇಬರನ್ನೆಲ್ಲ ಸೋಲಿಸಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಮುಂದಿನ ರವಿವಾರ ನಮ್ಮ ಹಸನಸಾಬ್ರು ಆಡ್ತಾರ್ರಿ" ಎಂದುಬಿಟ್ಟೆ. ಸಾಹೇಬರು ಒಪ್ಪಿದರು. ಚಾಚಾ ಟೊಪ್ಪಿಗೆ ತೆಗೆದು, ಕೊಡವಿ, ಮತ್ತೆ ಇಟ್ಟುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

ಶನಿವಾರ ತಮ್ಮ ಕೋಲನ್ನು ನನ್ನ ಕೈಗೆ ಕೊಟ್ಟರು.

"ತುದೀಗೆ ಹೊಸಾ ಚರ್ಮದ ಬಿಲ್ಲಿ ಅಂಟಿಸೇನಿ, ಕಾರಕೂನ್ರ. ನನಗ ದೂರದ್ದು ಕಾಣ್ತೈತಿ, ಹತ್ತರದ್ದು ಕಾಣಂಗಿಲ್ಲ. ಉಸುಕಿನ ಕಾಗದ ತಿಕ್ಕಿ ಸ್ವಲ್ಪ ಗುಂಡಗ ಮಾಡಿಕೊಡ್ರಿ. ಅಷ್ಟ ಸಾಕು, ಮತ್ತೇನೂ ಮಾಡಬ್ಯಾಡ್ರಿ."

"ಚಿಂತಿ ಬಿಡ್ರಿ, ಚಾಚಾ!" ಎಂದೆ.

ರವಿವಾರ ಮುಂಜಾನೆ ಕಟ್ಟೆಯ ಮೇಲೆ ಕುಳಿತು ಕಾರ್ಯಾರಂಭ ಮಾಡಿದೆ. ಎಡಗಡೆ ತಿಕ್ಕಿದೆ, ಬಲಗಡೆ ಎತ್ತರವಾಯಿತು. ಬಲಗಡೆ ತಿಕ್ಕಿದೆ, ಎಡಗಡೆ ಎತ್ತರವಾಯಿತು. ಈ ವ್ಯಾಜ್ಯ ಇತ್ಯರ್ಥವಾಗುವಷ್ಟರಲ್ಲಿ ದಪ್ಪ ಬಿಲ್ಲೆ ತೊಗರಿಬೇಳೆಯಷ್ಟಾಗಿತ್ತು. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಬೆರಳಿನಿಂದ ಒತ್ತಿ ನೋಡಿದೆ. ಎಷ್ಟು ಗಟ್ಟಿ! ಒಳಗೆ ಹೋಗಿ ಎಣ್ಣೆಯ ಬಟ್ಟಲು ತಂದೆ.

"ಏನ್ ಮಾಡಾಕತ್ತೀರಿ?" ಎಂದಳು ನನ್ನ ಹೆಂಡತಿ ಶಾಂತಾ.

"ಚರ್ಮಕ್ಕ ಎಣ್ಣಿ ಕುಡಸಾಕತ್ತೇನಿ."

"ಚಾಚಾ ಹೇಳ್ಯಾರೇನು?"

"ಅದರಾಗ ಹೇಳೂದೇನೈತಿ? ಚರ್ಮ ಅಂದ್ರ ಚರ್ಮ!"

"ಒಂದ್ ಮಾತು ಕೇಳ್ಕೊಂಡು ಬರ್ರಿ. ಅದೇನು ನಿಮ್ಮ ಚಪ್ಪಲಿ ಅಲ್ಲ."

ಕೇಳಲಿಲ್ಲ. ಕೋಲನ್ನು ತಲೆಕೆಳಗಾಗಿ ಬಟ್ಟಲಲ್ಲಿ ನಿಲ್ಲಿಸಿ, ಊಟ ಮಾಡಿ ಮಲಗಿದೆ. ಎದ್ದು ನೋಡಿದರೆ ಬಿಲ್ಲೆ ಮೆತ್ತಗಾಗಿತ್ತು! ಹೆಮ್ಮೆಯಿಂದ ಒರೆಸಿ ಹೊಳಪು ಕೊಟ್ಟೆ.

ಸಂಜೆ ಕ್ಲಬ್ಬು ತುಂಬಿತ್ತು. ಚಾಚಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಕೋಲು ಜಾರದಿರಲೆಂದು ತುದಿಗೆ ನೀಲಿ ಸೀಮೆಸುಣ್ಣ ಹಚ್ಚುವುದು ರೂಢಿ. ಹಚ್ಚಿದರು. ಎಣ್ಣೆಗೆ ಸುಣ್ಣ ಸೇರಿ ನೀಲಿ ಕಣಕವಾಯಿತು! ಹತ್ತಿರದ್ದು ಕಾಣದ ಚಾಚಾಗೆ ಅದು ಕಾಣಲಿಲ್ಲ. ನನಗೆ ಕಂಡಿತು.

ಹೊಡೆದರು. ಕೋಲು ಜಾರಿತು. ತೂತಿಗೆ ಬೀಳಬಾರದ ಬಿಳಿ ಚೆಂಡು ಅಡ್ಡಾದಿಡ್ಡಿ ಉರುಳಿ ತಾನೇ ಮೂಲೆಯ ತೂತಿಗೆ ಬಿತ್ತು. ಜನ ನಕ್ಕರು. ಎರಡನೆಯ ಸಲವೂ ಅದೇ, ಮೂರನೆಯ ಸಲವೂ ಅದೇ.

"ವಯಸ್ಸಾತು ಪಾಪ, ಕೈ ನಡಗತಾವ" ಎಂದರು ಒಬ್ಬ ಸಾಹೇಬರು.

ಚಾಚಾ ತುದಿಯನ್ನು ಬೆರಳಿನಿಂದ ಮುಟ್ಟಿದರು. ಬೆರಳನ್ನು ಮೂಸಿದರು. ಆಮೇಲೆ ನನ್ನ ಚಪ್ಪಲಿಯ ಕಡೆ ನೋಡಿದರು. ಬೇರೆ ಕೋಲು ಕೇಳಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು, ನನ್ನ ಹೆಸರು ಹೊರಗೆ ಬರುತ್ತಿತ್ತು.

"ಹೌದ್ರಿ, ವಯಸ್ಸಾತು" ಎಂದು ಕೋಲನ್ನು ಗೋಡೆಗೆ ಆನಿಸಿ, ಹಲಗೆಯ ಹತ್ತಿರ ಹೋಗಿ ನಿಂತು ಡಾಕ್ಟರ ಅಂಕ ತೋರಿಸಿದರು.

ನನಗೆ ತಡೆಯಲಾಗಲಿಲ್ಲ. "ತಪ್ಪು ನಂದ್ರಿ" ಎನ್ನಲು ಎದ್ದು ನಿಂತೆ. ಸಾಹೇಬರೆಲ್ಲ ನನ್ನ ಕಡೆ ತಿರುಗಿದರು.

"ಚಹಾ ಹೇಳ್ಲೇನ್ರಿ?" ಎಂದೆ!

ಮರುದಿನ ಮುಂಜಾನೆ ಚಾಚಾರ ಮನೆಗೆ ಹೋದೆ. "ಚಾಚಾ, ಆ ಎಣ್ಣಿ..."

"ಗೊತ್ತೈತ್ರಿ. ನಿಮಗಿಂತ ಮೊದಲ ನಿಮ್ಮ ಚಪ್ಪಲಿ ವಾಸನಿ ಬರ್ತೈತಿ. ಕುಂದರ್ರಿ, ಚಹಾ ಕುಡೀರಿ." ಅವರು ನಕ್ಕರು. ನಾನು ಅತ್ತೆ.

ಅವರಿಗೆ ಮತ್ತೊಮ್ಮೆ ಆಡಿರೆಂದು ಯಾರೂ ಹೇಳಲಿಲ್ಲ. ಕ್ಲಬ್ಬಿನಲ್ಲಿ ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಹೋದೆ, ಚಹಾ ಕುಡಿದು ಬಂದೆ. ಈಗ ಹೇಳುತ್ತಿದ್ದೇನೆ, ಚಾಚಾ ಇಲ್ಲ, ನಕ್ಕವರೂ ಇಲ್ಲ.

ಚಪ್ಪಲಿ ಇಂದಿಗೂ ನನ್ನ ಕಾಲನ್ನು ಕಚ್ಚಿಲ್ಲ. ಕಚ್ಚಬೇಕಾಗಿತ್ತು!