ಒಂದೇ ಸಲ ಕೇಳುವ ಊರಿನಲ್ಲಿ

ಯಾರದಾದರೂ ಮನೆಗೆ ಹೋದಾಗ, ತಟ್ಟೆ ಮುಂದಿಟ್ಟ ಕೂಡಲೇ ಕೈ ಹಾಕುವವರನ್ನು ಕಂಡರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ನಮ್ಮ ಹುಮನಾಬಾದಿನ ಕಡೆ ಊಟಕ್ಕೆ ಏಳಿ ಎಂದರೆ ಮೊದಲು ಬ್ಯಾಡ ಎನ್ನಬೇಕು. ಹೊಟ್ಟೆಯಲ್ಲಿ ಬೆಂಕಿ ಬಿದ್ದಿದ್ದರೂ 'ಈಗ ಉಂಡು ಬಂದೀನ್ರಿ' ಎನ್ನಬೇಕು. ಮನೆಯವರು ಅದನ್ನು ಕೇಳಿಸಿಕೊಳ್ಳದವರಂತೆ ರಟ್ಟೆ ಹಿಡಿದು ಎಬ್ಬಿಸಬೇಕು. ನಾವು ಮತ್ತೊಮ್ಮೆ ಬ್ಯಾಡ ಎನ್ನಬೇಕು. ಅವರು ಸಿಟ್ಟಿಗೆದ್ದು 'ಯಾಕ, ನಮ್ಮನಿ ಅನ್ನ ಸೇರೂದಿಲ್ಲೇನ್ರಿ?' ಎಂದು ಕೇಳಬೇಕು. ಆಗ ಮಾತ್ರ ನಾವು ದೊಡ್ಡ ಉಪಕಾರ ಮಾಡುವವರಂತೆ ಮಣೆಯ ಮೇಲೆ ಕೂಡಬೇಕು. ಬಸವಕಲ್ಯಾಣದ ನಮ್ಮ ಅವ್ವನ ತವರಿನಲ್ಲಂತೂ ಇದು ಇನ್ನೂ ಒಂದು ಕೈ ಮೇಲು. ಅಲ್ಲಿ ಉಣ್ಣುವವರು ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದರೆ ಬಡಿಸುವವರು ಬೆರಳ ಸಂದಿಯಲ್ಲೇ ಬಿಸಿ ತುಪ್ಪ ಸುರಿಯುತ್ತಾರೆ. ಹಾಗೆ ಬೆರಳು ಸುಟ್ಟುಕೊಂಡು ಬಂದವನು 'ಏನ್ ಮಂದಿರೀ, ಏನ್ ಇಜ್ಜತ್ ಮಾಡಿದ್ರು!' ಎಂದು ವರ್ಷವಿಡೀ ಹೇಳಿಕೊಂಡು ತಿರುಗುತ್ತಾನೆ. ಈ ನಡವಳಿಕೆ ಲೋಕದಲ್ಲೆಲ್ಲ ಇದೆಯೆಂದೇ ನಾನು ನಂಬಿದ್ದೆ. ಬಟ್ಟೆ ಅಂಗಡಿಯ ಗಾದಿ ಬಿಟ್ಟು ಸೊಲ್ಲಾಪುರದಿಂದ ಆಚೆಗೆ ಹೋಗದವನ ನಂಬಿಕೆ ಎಷ್ಟು ಗಟ್ಟಿಯಿರಬೇಕೋ ಅಷ್ಟು ಗಟ್ಟಿಯಾಗಿತ್ತು.

ನನ್ನ ತಮ್ಮ ಶಿವರಾಜ ಲಂಡನ್ನಿನಲ್ಲಿ ಡಾಕ್ಟರು. ಅಲ್ಲಿಯೇ ಮಾರ್ಗರೆಟ್ ಎಂಬ ಇಂಗ್ಲಿಷ್ ಹುಡುಗಿಯನ್ನು ಮದುವೆಯಾಗಿದ್ದ. ಆ ಸುದ್ದಿ ಬಂದಂದಿನಿಂದ ಅವ್ವ ಅವನ ಹೆಸರು ಎತ್ತಿರಲಿಲ್ಲ. ಬಂದವರೆದುರಿಗೆ 'ನನಗ ಒಬ್ಬನೇ ಮಗ' ಎನ್ನುತ್ತಿದ್ದಳು. ಹೀಗೆ ನಾನು ಹಿರಿಮಗನ ಹುದ್ದೆಯಿಂದ ಏಕೈಕ ಪುತ್ರನ ಹುದ್ದೆಗೆ ಏರಿದ್ದೆ, ಬೈಗುಳದ ಹೊರತು ಬೇರೆ ಲಾಭವೇನೂ ಸಿಗಲಿಲ್ಲ. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅವ್ವನಿಗೆ, ನನಗೆ ಮತ್ತು ನನ್ನ ಹೆಂಡತಿ ಕಸ್ತೂರಿಗೆ ಶಿವರಾಜ ವಿಮಾನದ ಟಿಕೀಟು ಕಳಿಸಿದ. ಅವ್ವ ಬರುವುದಿಲ್ಲ ಎಂದಳು. ನಾವು ಬಿಡಲಿಲ್ಲ. ಕೊನೆಗೆ ಒಂದು ಕರಾರು ಹಾಕಿ ಒಪ್ಪಿದಳು. 'ಹೋಗಿ ಆಕಿ ಕೈಯಾಗಿನ ಒಂದು ತುತ್ತು ಉಂಡು ನೋಡ್ತೀನಿ. ಉಣಸೋ ಕೈ ಇದ್ರ ಆಕಿ ನನ್ನ ಸೊಸಿ. ಇಲ್ಲಂದ್ರ ನನ್ನ ಪಾಲಿಗಿ ಆಕಿನೂ ಇಲ್ಲ, ಅವನೂ ಇಲ್ಲ.' ಅವಳು ಆಡಿದ ಮಾತು ಮಾಡುವವಳೇ.

ಬೊಂಬಾಯಿಯಲ್ಲಿ ವಿಮಾನ ಹತ್ತಿದೆವು. ಕಿಟಕಿಯಲ್ಲಿ ಬಗ್ಗಿ ನೋಡಿದ ಅವ್ವ 'ಮೋಡ ಕೆಳಗ ಅದಾವಲ್ಲೋ!' ಎಂದು ನನ್ನ ಮುಂಗೈ ಹಿಡಿದವಳು ಬಹಳ ಹೊತ್ತು ಬಿಡಲಿಲ್ಲ. ಆದರೆ ನಿಜವಾದ ಆಘಾತ ಕಾದಿದ್ದು ಊಟದ ಹೊತ್ತಿಗೆ. ಗಗನಸಖಿ ತಳ್ಳುಗಾಡಿ ತಂದು, ಬಗ್ಗಿ, ಊಟ ಬೇಕೇ ಎಂದು ನಗುತ್ತ ಕೇಳಿದಳು. ನಾನು ಎದೆಯ ಮೇಲೆ ಕೈಯಿಟ್ಟು 'ನೋ ನೋ, ಥ್ಯಾಂಕ್ಯೂ' ಎಂದೆ. ಮನೆಯ ಯಜಮಾನ ನಾನೇ ಬ್ಯಾಡ ಎಂದ ಮೇಲೆ ಹೆಂಗಸರೂ ತಲೆ ಅಲ್ಲಾಡಿಸಿದರು. ಆ ಪುಣ್ಯಾತ್ಗಿತ್ತಿ ಇನ್ನಷ್ಟು ಅಗಲವಾಗಿ ನಕ್ಕು ಗಾಡಿ ತಳ್ಳಿಕೊಂಡು ಮುಂದೆ ಹೋಗಿಬಿಟ್ಟಳು! ತಿರುಗಿಯೂ ನೋಡಲಿಲ್ಲ. ನಾನು ದಂಗುಬಡಿದು ಕೂತೆ.

'ಬರ್ತಾಳ ಬಿಡೋ, ಇನ್ನೊಮ್ಮಿ ಕೇಳದ ಹ್ಯಾಂಗ ಇರ್ತಾಳ?' ಎಂದಳು ಅವ್ವ. ಬಂದಳು, ಖಾಲಿ ತಟ್ಟೆಗಳನ್ನು ಒಯ್ಯಲು. ನಾವು ಕಟ್ಟಿಕೊಂಡಿದ್ದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಸೂಟಕೇಸಿನೊಳಗೆ ನಮ್ಮ ಕಾಲ ಕೆಳಗೇ ವಿಮಾನದ ಹೊಟ್ಟೆಯಲ್ಲಿದ್ದವು. ಮುಂದಿನ ಸಲ ಗಾಡಿ ಬರುವ ಮೊದಲು ಅವ್ವ ಕುರ್ಚಿಯಲ್ಲೇ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಉಣ್ಣಲು ಸಿದ್ಧಳಾಗಿ ಕೂತಳು. ಈ ಸಲ ಒಮ್ಮೆಗೇ ಹೂಂ ಅಂದುಬಿಡೋಣ ಎಂದೆ. ಅವ್ವನ ಕಣ್ಣು ಕೆಂಪಾದವು. 'ಒಂದೇ ಸಲಕ್ಕ ಹೂಂ ಅಂತೀಯೇನು? ಬರಗೆಟ್ಟು ಬಂದೋರು ಅಂತ ತಿಳಕೊಳ್ಳಲೇನು?' ಗಾಡಿ ಬಂತು, ಬ್ಯಾಡ ಎಂದೆವು, ಹೋಯಿತು. ಮನೆತನದ ಮರ್ಯಾದೆ ಉಳಿಯಿತು. ಹಿಂದಿನ ಸಾಲಿನ ದಪ್ಪನೆಯ ಗೃಹಸ್ಥ ಇನ್ನೊಂದು ಬ್ರೆಡ್ಡು ಬೇಕೆಂದು ತಾನೇ ಕೇಳಿ ಇಸಿದುಕೊಂಡದ್ದನ್ನು ಕಂಡು ಕಸ್ತೂರಿ ಸೆರಗು ಬಾಯಿಗೆ ಹಿಡಿದಳು, ನಾಚಿಕೆಗೋ ಹಸಿವೆಗೋ ನಾನು ಕೇಳಲಿಲ್ಲ.

ಶಿವರಾಜ ನಮ್ಮನ್ನು ಮನೆಗೆ ಮುಟ್ಟಿಸಿ, ಅವ್ವನ ಕಾಲಿಗೆ ಬಿದ್ದು, ತುರ್ತು ಇದೆಯೆಂದು ಆಸ್ಪತ್ರೆಗೆ ಓಡಿದ. ಮಾರ್ಗರೆಟ್ ಪುಸ್ತಕ ನೋಡಿಕೊಂಡು ಅನ್ನ, ತೊಗರಿಬೇಳೆ ಮಾಡಿಟ್ಟಿದ್ದಳು. ಬೇಳೆಯ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು. ಊಟ ಮಾಡುತ್ತೀರಾ ಎಂದು ಅವಳು ಅವ್ವನನ್ನು ಕೇಳಿದಳು. 'ಬ್ಯಾಡ ತಂಗಿ, ವಿಮಾನದಾಗ ಹೊಟ್ಟಿ ತುಂಬ ಉಂಡೀವಿ' ಎಂದಳು ಅವ್ವ. ಮೆಟ್ರಿಕ್ ಇಂಗ್ಲಿಷಿನ ದುಭಾಷಿಯಾದ ನಾನು ಅದನ್ನು ಅಕ್ಷರ ಬಿಡದಂತೆ ದಾಟಿಸಿದೆ. ಮಾರ್ಗರೆಟ್‌ಳ ಮುಖ ಸಣ್ಣಗಾಯಿತು. ಇನ್ನೊಮ್ಮೆ ಕೇಳದೆ ಪಾತ್ರೆಗಳನ್ನು ಎತ್ತಿ ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕಿದಳು. ಅವ್ವ ಆ ಬಿಳಿ ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು. 'ಕಂಡಿಯೇನು?' ಎಂದಳು.

ಶಿವರಾಜ ನಾವು ಏಳುವ ಮೊದಲೇ ಆಸ್ಪತ್ರೆಗೆ ಹೋಗಿ ನಾವು ಮಲಗಿದ ಮೇಲೆ ಬರುತ್ತಿದ್ದ. ಮರುದಿನದಿಂದ ಮಾರ್ಗರೆಟ್ ನಮಗೆ ಊರು ತೋರಿಸತೊಡಗಿದಳು. ತಾನಾಗಿ ಓಡುವ ಮೆಟ್ಟಿಲಿನ ಮೇಲೆ ಅವ್ವ ಒಂದು ಕಾಲಿಟ್ಟು 'ಯಪ್ಪಾ!' ಎಂದು ಕೂಗಿದ್ದಕ್ಕೆ ಕೆಳಗಿನ ಇಡೀ ಸ್ಟೇಷನ್ ತಿರುಗಿ ನೋಡಿತು. ರಾಣಿಯ ಅರಮನೆಯ ಮುಂದೆ ಕರಿ ತುಪ್ಪಳದ ಟೊಪ್ಪಿಗೆ ಹಾಕಿಕೊಂಡ ಕಾವಲುಗಾರ ಕಣ್ಣೂ ಮಿಟುಕಿಸದೆ ನಿಂತಿದ್ದ. ಅವ್ವ ಅವನನ್ನೇ ಮರುಕದಿಂದ ನೋಡಿ, 'ಪಾಪ, ಇವನೂ ಬ್ಯಾಡ ಅಂದಿರಬೇಕು. ಇನ್ನೊಮ್ಮಿ ಯಾರೂ ಕೇಳಿಲ್ಲ' ಎಂದಳು. ದೊಡ್ಡ ಗಡಿಯಾರ, ಎರಡು ಪಾಲಾಗಿ ಮೇಲೇಳುವ ಸೇತುವೆ, ಎಲ್ಲವನ್ನೂ ನೋಡಿದೆವು. ನೆನಪಿರುವುದು ಮಾತ್ರ ಅವುಗಳ ಪಕ್ಕದ ಹೋಟೆಲುಗಳು. ಪ್ರತಿ ಹೋಟೆಲಿನೆದುರು ಮಾರ್ಗರೆಟ್ ಒಮ್ಮೆ ಕೇಳುವುದು, ನಾವು ಬ್ಯಾಡ ಎನ್ನುವುದು, ಅವಳು ತಲೆ ತಗ್ಗಿಸಿ ಮುಂದೆ ನಡೆಯುವುದು. ಮನೆಗೆ ಮರಳಿ, ಅಲ್ಲಿಯೂ ಒಮ್ಮೆ ಬ್ಯಾಡ ಎಂದು, ಕೋಣೆಯ ಬಾಗಿಲು ಹಾಕಿಕೊಂಡು, ಚೂರಾದ ಸಜ್ಜೆ ರೊಟ್ಟಿಯನ್ನು ಸಪ್ಪಳಾಗದಂತೆ ಕಡಿಯುವುದು. ಅತ್ತೆಗೆ ಕೇಳದಂತೆ ಸೊಸೆ ಕದ್ದು ತಿನ್ನುವುದನ್ನು ಕೇಳಿದ್ದೆ, ಸೊಸೆಗೆ ಕೇಳದಂತೆ ಅತ್ತೆ ರೊಟ್ಟಿ ಕಡಿಯುವುದನ್ನು ಅಲ್ಲಿಯೇ ನೋಡಿದ್ದು.

ರೊಟ್ಟಿ ಮುಗಿದ ದಿನ ಶಿವರಾಜನಿಗೆ ರಜೆ ಸಿಕ್ಕಿತು. ಅವ್ವ ಸೀರೆಗಳನ್ನು ಮಡಚಿ ಸೂಟಕೇಸಿಗೆ ತುಂಬಿ ಹೊರಗಿನ ಕೋಣೆಗೆ ಬಂದಳು. 'ನನ್ನ ಊರಿಗಿ ಕಳಸಪ್ಪ. ನಿನ್ನ ಹೇಣ್ತಿಗಿ ನಮಗ ತುತ್ತು ಕೂಳ ಹಾಕೋ ಮನಸಿಲ್ಲ. ಬಾಯಿಮಾತಿಗಿ ಒಮ್ಮಿ ಕೇಳ್ತಾಳ, ಝಟ್ ಅಂತ ಎತ್ತಿ ಇಡ್ತಾಳ' ಎಂದಳು. ಮಗನನ್ನು ಇಷ್ಟು ವರ್ಷ ಬಿಟ್ಟಿದ್ದವಳಿಗೆ ಈಗ ಕಣ್ಣಾರೆ ಕಂಡು ಬಿಡುವುದು ಕಷ್ಟವಾಗಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಮಾರ್ಗರೆಟ್ ಬಂದಳು, ಅವಳ ಕಣ್ಣೂ ಕೆಂಪಗಿದ್ದವು. 'ನಿಮ್ಮ ತಾಯಿ ನಾನು ಮಾಡಿದ್ದನ್ನು ಮುಟ್ಟುವುದಿಲ್ಲ. ದಿನಾ ಹೊಸದಾಗಿ ಮಾಡುತ್ತೇನೆ, ದಿನಾ ಬೇಡ ಎನ್ನುತ್ತಾರೆ. ನಾನು ಬೇರೆಯವಳೆಂದು ತಾನೇ?' ಎಂದು ಗಂಡನ ಮುಂದೆ ಅತ್ತೇಬಿಟ್ಟಳು. ದಿನಾ ಹೊಸದಾಗಿ ಮಾಡುತ್ತಿದ್ದಳೇ! ನಾವು ಹಸಿದು ಸತ್ತಿದ್ದು ಬೇಳೆಯಿಂದ ಹತ್ತು ಹೆಜ್ಜೆ ದೂರದಲ್ಲಿ!

ಶಿವರಾಜ ಇಬ್ಬರನ್ನೂ ನೋಡಿ ತಲೆಯ ಮೇಲೆ ಕೈ ಹೊತ್ತು ಕೂತ. ಆಮೇಲೆ ನನ್ನ ಕಡೆ ತಿರುಗಿ, 'ಅಣ್ಣಾ, ಬ್ಯಾಡ ಅನ್ನೋದು ಹೇಳ್ದಿ, ಅದರ ಮತಲಬು ಯಾಕ ಹೇಳಲಿಲ್ಲೋ?' ಎಂದ. ಅವ್ವನಿಗೆ, 'ಈ ಊರಾಗ ಇನ್ನೊಮ್ಮಿ ಕೇಳೋದಂದ್ರ ಜಬರ್ದಸ್ತಿ ಮಾಡಿದಂಗ ಅವ್ವಾ, ಅದು ಮರ್ಯಾದಿ ಅಲ್ಲ' ಎಂದ. ಅವ್ವ ಬೆಪ್ಪಾದಳು. 'ಮರ್ಯಾದಿಗಿ ಉಪವಾಸ ಕೆಡವತಾರೇನೋ!' ಎಂದಳು. ಮಾರ್ಗರೆಟ್‌ಗೆ ಅವನು ಅವಳ ಭಾಷೆಯಲ್ಲಿ ಏನೇನೋ ಹೇಳಿದ. ಕೇಳುತ್ತ ಕೇಳುತ್ತ ಅವಳ ಬಾಯಿ ತೆರೆದದ್ದು ಹಾಗೇ ಉಳಿಯಿತು. ಎದ್ದು ಒಳಗೆ ಹೋಗಿ ಅನ್ನ, ಬೇಳೆ ತಂದು ಅವ್ವನ ಮುಂದಿಟ್ಟಳು. ಅವ್ವ ಹಟಕ್ಕೆ ಬಿದ್ದವಳಂತೆ 'ಬ್ಯಾಡ' ಎಂದಳು. ಮಾರ್ಗರೆಟ್ ಮತ್ತೆ ಕೇಳಿದಳು. 'ಬ್ಯಾಡ ತಂಗಿ' ಎನ್ನುತ್ತ ಅವ್ವ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದಳು. ಮಾರ್ಗರೆಟ್ ಗಂಡನ ಮುಖ ನೋಡಿದಳು, ಅವನು ಸುರಿ ಎಂದು ಕೈಸನ್ನೆ ಮಾಡಿದ. ಅವಳು ಕಣ್ಣು ಮುಚ್ಚಿಕೊಂಡು ಬಿಸಿ ಬೇಳೆಯನ್ನು ಅವ್ವನ ಬೆರಳ ಮೇಲೇ ಸುರಿದಳು.

ಅವ್ವ ಬೆರಳು ಬಾಯಿಗಿಟ್ಟುಕೊಂಡು, 'ಥೇಟ್ ನಮ್ಮ ಬಸವಕಲ್ಯಾಣದಾಕಿ ಇದ್ದಂಗ ಇದಾಳಲ್ಲೋ ಶಿವ್ಯಾ' ಎಂದಳು. ಅಷ್ಟು ವರ್ಷಗಳ ಮೇಲೆ ಅವನ ಹೆಸರು ಅವಳ ಬಾಯಿಂದ ಬಂದಿತ್ತು. ಶಿವರಾಜ ಡಾಕ್ಟರನಾದರೂ ಹುಡುಗನ ಹಾಗೆ ಬಿಕ್ಕಿದ. ನನಗೂ ಕಣ್ಣು ತುಂಬಿ ಬಂದವು, ಆದರೆ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಉಣ್ಣುತ್ತಿದ್ದೆ.

ನಾವು ಹೊರಡುವ ದಿನ ಮಾರ್ಗರೆಟ್ ಅವ್ವನಿಗೆ ಇನ್ನಷ್ಟು ದಿನ ಇರಿ ಎಂದಳು. 'ಬ್ಯಾಡ ತಂಗಿ, ಊರಾಗ ಎಮ್ಮಿ ಅದಾವ' ಎಂದಳು ಅವ್ವ. ಮಾರ್ಗರೆಟ್ ಮತ್ತೊಮ್ಮೆ ಕೇಳಿದಳು. ಚಳಿ ತಡೆಯೋದಿಲ್ಲ ಎಂದಳು ಅವ್ವ. ಮಾರ್ಗರೆಟ್ ಅವ್ವನ ಸೂಟಕೇಸನ್ನು ಎತ್ತಿಕೊಂಡು ಹೋಗಿ ಮಹಡಿಯ ಮೇಲಿಟ್ಟು ಬಂದಳು. 'ಏನ್ ಮಾಡ್ಲೋ, ಬಿಡವಲ್ಲಳು' ಎಂದು ಅವ್ವ ನನ್ನೆದುರು ದೂರಿದಳು, ಮುಖವೆಲ್ಲ ಹಿಗ್ಗು. ಆಮೇಲೆ ಮಾರ್ಗರೆಟ್ ನನ್ನ ಕಡೆ ತಿರುಗಿ, ನೀವಿಬ್ಬರೂ ಇರುತ್ತೀರಾ ಎಂದು ಕೇಳಿದಳು. ಕಸ್ತೂರಿ ಕೈಯಲ್ಲಿದ್ದ ಚೀಲವನ್ನು ಮೆಲ್ಲಗೆ ಕೆಳಗಿಟ್ಟಳು. ನಾನು ಎದೆಯ ಮೇಲೆ ಕೈಯಿಟ್ಟು, ಇಲ್ಲ ಇಲ್ಲ, ಅಂಗಡಿ ಇದೆ ಎಂದು ಅವಳ ಇಂಗ್ಲಿಷಿನಲ್ಲೇ ಹೇಳಿದೆ. ಹುಮನಾಬಾದಿನ ಕೂಸಿಗೂ ಅದು ಹೂಂ ಎಂದೇ ತಿಳಿಯುತ್ತಿತ್ತು. ತಲೆ ತಗ್ಗಿಸಿ, ಮುಂದಿನ ಮಾತಿಗೆ ಕಾದೆ. ತಲೆ ಎತ್ತುವಷ್ಟರಲ್ಲಿ ಮಾರ್ಗರೆಟ್ ನಮ್ಮ ದೊಡ್ಡ ಸೂಟಕೇಸನ್ನು ಕಾರಿನ ಡಿಕ್ಕಿಗೆ ಹಾಕಿ ಮುಚ್ಚಳ ಮುಚ್ಚಿದ್ದಳು.